ಹತ್ತಿ ಕೋಣೆಯ ಡಿಜೆ ಹಾಡು

1998ರಲ್ಲಿ ನಾನು ಏಳನೇ ತರಗತಿ ಬಿಟ್ಟು ಶಹಾಪುರದ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತಾಗ, "ಇಂವನ ತಲಿ ನೆಟ್ಟಗಿಲ್ಲ" ಎಂದು ಮೊದಲು ಸಾರಿದವರು ನಮ್ಮ ಕಾಕಾ. ಇವತ್ತು ಆ ಗಿರಣಿ ನನ್ನದು. ತಲೆಯ ಮಾತು ಮಾತ್ರ ಕಾಕಾನ ಕಡೆ ತಿರುಗಿದೆ. ಅರವತ್ತು ದಾಟಿದ, ಹತ್ತಿ ಬೆಳೆಯುವ ಮನುಷ್ಯ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಡಿಜೆ ಹಾಡು ಮಾಡುತ್ತಾರೆ ಎಂದರೆ ನೀವಾದರೂ ಏನನ್ನುತ್ತೀರಿ?

ಮಾಡಲಿ, ಯಾರು ಬೇಡ ಎಂದರು? ಆದರೆ ಈ ಸಲದ ಹಾಡು ಅಂಥಿಂಥದಲ್ಲ. ಅವರ ಒಬ್ಬಳೇ ಮಗಳ, ಅಂದರೆ ನನ್ನ ತಂಗಿಯ, ಮದುವೆ ಮೆರವಣಿಗೆಗೆ. ಹುಡುಗಿ ಒಂದೇ ಕರಾರು ಹಾಕಿದ್ದಳು: "ಅಪ್ಪಾ, ಹಾಡಿನ್ಯಾಗ ಅವ್ವನ ರೊಟ್ಟಿ ಬಡಿಯೋ ಸಪ್ಪಳ ಕೇಳಬೇಕು. ಕೇಳಲಿಲ್ಲಂದ್ರ ನಾ ಕುಣಿಯಂಗಿಲ್ಲ."

ಚಿಗವ್ವ, ಅಂದರೆ ಕಾಕಾನ ಹೆಂಡತಿ, ತೀರಿಕೊಂಡು ಎರಡು ವರ್ಷ. ಆಕೆ ಜೋಳದ ರೊಟ್ಟಿ ಬಡಿಯುವಾಗ ಯಾವತ್ತೋ ಮೊಬೈಲಿನಲ್ಲಿ ಹಿಡಿದ ಸದ್ದು ಕಾಕಾನ ಹತ್ತಿರ ಉಳಿದಿತ್ತು. ಅದಕ್ಕೆ ಕೆಳಗೆ ದಮ್ ದಮ್ ಬೇಸು, ಮೇಲೆ ಚಿಕಿ ಚಿಕಿ, ನಡುವೆ ಪೀಪಿಯಂಥ ರಾಗ ಸೇರಿಸಿದರು. ಇವು ಒಂದನ್ನೊಂದು ತುಳಿಯದಂತೆ ಹದಕ್ಕೆ ತರುವ ಕೆಲಸಕ್ಕೆ ಮಿಕ್ಸಿಂಗ್ ಎಂದು ಹೆಸರಂತೆ.

ಮನೆಯಲ್ಲಿ ಬೆಣ್ಣೆಯಂತೆ ಕೇಳಿಸಿದ ಹಾಡು ನನ್ನ ಟಂಟಂ ಗಾಡಿಯಲ್ಲಿ ಹಾಕಿದರೆ ಕಿವಿ ಕೊಯ್ಯುತ್ತಿತ್ತು. ಕಾಕಾ ಅದನ್ನು ಗಿರಣಿಗೆ ತಂದು, ಸರದಿಗೆ ಕೂತ ಅಜ್ಜಿಯೊಬ್ಬಳಿಗೆ ಕೇಳಿಸಿದರು.

"ಹೆಂಗದ, ಯವ್ವಾ?"

"ಯಾದಗಿರಿ ಟೇಶನ್ನಿನ್ಯಾಗ ಗೂಡ್ಸ್ ಗಾಡಿ ಬ್ರೇಕ್ ಹಾಕಿದಂಗದ, ಯಪ್ಪಾ."

"ರೊಟ್ಟಿ ಬಡಿಯೋದು ಕೇಳಲಿಲ್ಲೇನು?"

"ಗಾಲಿ ಬುಡಕ ಸಿಕ್ಕಿರಬೇಕು, ನೋಡು."

ಮನೆಯಲ್ಲಿ ಸರಿ, ಹೊರಗೆ ತಪ್ಪು. ಇದೇನು ಮಾಟ? ನನಗೂ ಕುತೂಹಲ ಹಿಡಿಯಿತು. ಹೋಗಿ ನೋಡಿದೆ. ರೇಟು ಬರಲೆಂದು ಕೋಣೆಯ ತುಂಬ ಹತ್ತಿ ಒಟ್ಟಿದ್ದಾರೆ, ಜಂತಿಯವರೆಗೆ. ಅದರ ನಡುವೆ ಗುಬ್ಬಿಯಂತೆ ಗೂಡು ಕೊರೆದುಕೊಂಡು ಕಾಕಾ ಕೂತಿದ್ದಾರೆ. ನಾನು "ಕಾಕಾ" ಎಂದರೆ ದನಿ ತುಟಿ ದಾಟಲಿಲ್ಲ.

"ದೊಡ್ಡ ಸ್ಟುಡಿಯೋದಾಗ ಗ್ವಾಡಿಗೆ ಸ್ಪಂಜ್ ಬಡದಿರ್ತಾರ," ಎಂದರು ಹೆಮ್ಮೆಯಿಂದ. "ನಂದು ಸ್ವಂತ ಬೆಳಿ."

ಮದುವೆ ಹತ್ತಿರ ಬಂತು. ಹತ್ತಿ ಲಾರಿ ಹತ್ತಿತು. ಖಾಲಿ ಕೋಣೆಯಲ್ಲಿ ಅದೇ ಹಾಡು ಹಾಕಿದರೆ, ತಗಡಿನ ಮೇಲೆ ಕುಡುಗೋಲು ಎಳೆದ ಹಾಗೆ! ಚಿಕಿ ಚಿಕಿಯನ್ನೆಲ್ಲ ಇಷ್ಟು ದಿನ ಹತ್ತಿ ನುಂಗುತ್ತಿತ್ತು. ಸಾಲದೆಂದು ಕಾಕಾ ಏರಿಸುತ್ತಲೇ ಹೋಗಿದ್ದರು.

"ಹತ್ತಿಗೇ ಊಟಕ್ಕ ಹಾಕೀನಲ್ಲೋ ತಮ್ಮಾ," ಎಂದು ತಲೆ ಹಿಡಿದು ಕೂತರು.

ಆಮೇಲೆ ಇದರ ನಡುವೆಯೂ ರೊಟ್ಟಿ ಕೇಳಲೆಂದು ಅದರ ಸದ್ದು ಏರಿಸಿದರು. ಬೇಸು ಸಣ್ಣದೆನಿಸಿತು, ಅದನ್ನೂ ಏರಿಸಿದರು. ಪೀಪಿಗೆ ಸಿಟ್ಟು ಬರಬಾರದೆಂದು ಅದನ್ನೂ. ಕಡೆಗೆ ಸ್ಪೀಕರೇ ಕೆಮ್ಮತೊಡಗಿತು. ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

"ಮಾವಾರ, ಎಲ್ಲಾರ್ನೂ ಎಬ್ಬಿಸಿ ನಿಂದ್ರಿಸೀರಿ. ಹಿಂದ ರೊಟ್ಟಿ ಬಡಕೋಂತ ಕುಂತ ಚಿಗತ್ತಿ ಹೆಂಗ ಕಾಣಬೇಕ್ರಿ? ಉಳಿದೋರ್ನ ಕುಂದ್ರಸ್ರಿ."

ಕಾಕಾ ಕಂಪ್ಯೂಟರಿನ ಕಡೆ ತಿರುಗಿದರು. ಚಹಾ ಆರಿತು. ಬೇಸನ್ನು ಇಳಿಸಿದರು, ಚಿಕಿ ಚಿಕಿಯನ್ನು ಇಳಿಸಿದರು, ರೊಟ್ಟಿ ಬಡಿಯುವ ಕಡೆಯಲ್ಲೆಲ್ಲ ಪೀಪಿಯ ಬಾಯಿ ಮುಚ್ಚಿಸಿದರು, ನಡುವೆ ಒಂದು ಕಡೆ ಮೂರರದ್ದೂ. ರೊಟ್ಟಿಯನ್ನು ಮುಟ್ಟಲೇ ಇಲ್ಲ. ಅದು ತಾನೇ ಎದ್ದು ಬಂತು: ಟಪ್ ಟಪ್ ಟಪ್, ನಡುನಡುವೆ ಬಳೆ.

ಮದುವೆ ನಡೆದ ಸುರಪುರದ ಮೆರವಣಿಗೆಯಲ್ಲಿ ಹುಡುಗರು ಬೇಸಿಗೆ ಎಗರಾಡುತ್ತಿದ್ದರು. ಹಾಡಿನ ನಡುವೆ ಎಲ್ಲ ವಾದ್ಯಗಳೂ ಸುಮ್ಮನಾದವು. ರೊಟ್ಟಿ ಒಂದೇ ಉಳಿಯಿತು. ತಂಗಿ ನಿಂತುಬಿಟ್ಟಳು. ಇನ್ನು ಕುಣಿಯಲಿಕ್ಕಿಲ್ಲ ಎಂದುಕೊಂಡೆ. ಆಮೇಲೆ ಆಕೆಯ ಅಂಗೈ ಗಾಳಿಯಲ್ಲಿ ರೊಟ್ಟಿ ತಿರುವುವಂತೆ ಆಡಿತು, ಹಿಂದೆಯೇ ಕಾಲು.

"ಗೆದ್ರಿ ಕಾಕಾ," ಎಂದೆ.

ಕಾಕಾ ಡಿಜೆ ಗಾಡಿಯ ಮರೆಯಲ್ಲಿ ಕಣ್ಣೊರೆಸಿಕೊಂಡರು. "ಮೊಬೈಲಿನ್ಯಾಗ ಕಡೀಕ ಆಕಿ 'ಬರ್ರಿ, ರೊಟ್ಟಿ ಆರ್ತಾವ' ಅಂತಾಳ. ಅಷ್ಟು ಮಾತ್ರ ಹಾಡಿಗಿ ಹಾಕಿಲ್ಲೋ ತಮ್ಮಾ. ಅದು ಮಂದಿಗ್ಯಾಕ?"

ಈಗ ನನ್ನ ಹತ್ತಿರ ಇರುವುದು ಇಷ್ಟು: ಗಿರಣಿ ಒಂದು, ಟಂಟಂ ಒಂದು, ಹೆಂಡತಿ ಒಬ್ಬಳು, ಕಾಕಾ ಒಬ್ಬರು, ಮೊಬೈಲಿನಲ್ಲಿ ಹಾಡು ಒಂದು. ಚಿಗವ್ವನ ಆ ಕರೆ ಮಾತ್ರ ನನ್ನ ಹತ್ತಿರ ಇಲ್ಲ.