ಹೊಡೆದರೆ ಅಳುವ ಸೈಕಲ್

ನಮ್ಮ ಮಾವ್ಶಿಯಷ್ಟು ಬುದ್ಧಿವಂತೆ ಇಡೀ ವಾಮಂಜೂರಿನಲ್ಲಿ ಇನ್ನೊಬ್ಬಳಿರಲಿಲ್ಲ. ಇದು ನಾನು ಹೇಳುವುದಲ್ಲ, ಅವಳೇ ಹೇಳುತ್ತಿದ್ದದ್ದು! ಅಂಥ ಬುದ್ಧಿವಂತೆ ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ ಒಂದು ಹೊಸ ಸೈಕಲ್ ಕೊಂಡಳು. ಕೊಂಡವಳು ಮೂರು ವರ್ಷ ಅದನ್ನು ಬರೀ ನೂಕಿಕೊಂಡೇ ತಿರುಗಿದಳು ಎಂದರೆ ನೀವು ನಂಬುತ್ತೀರಾ? ನಂಬಬೇಕು. ಸೈಕಲ್ ಆರಿಸುವಾಗ ಜೊತೆಗಿದ್ದವಳು ನಾನೇ.

ಮಾವ್ಶಿ ಎಂದರೆ ನನ್ನ ಅಮ್ಮನ ತಂಗಿ. ಮದುವೆಯಾಗಿರಲಿಲ್ಲ. ಗುಡ್ಡೆಯ ಮೇಲೆ ಇಗರ್ಜಿಯ ಪಕ್ಕದ ಕೋಣೆಯಲ್ಲಿ ವಾಸ, ಕೆಲಸ ಹೆರಿಗೆ ಮಾಡಿಸುವ ನರ್ಸಿನದ್ದು. ಐವತ್ತರ ದಶಕದ ಆ ದಿನಗಳಲ್ಲಿ ಸುತ್ತಿನ ಯಾವ ಮನೆಯಲ್ಲಿ ನೋವು ಶುರುವಾದರೂ ಅವಳಿಗೇ ಕರೆ. ಚೀಲ ಎತ್ತಿಕೊಂಡು ಗದ್ದೆಬದಿಯಲ್ಲಿ ದಾಪುಗಾಲು ಹಾಕುತ್ತಿದ್ದಳು. ಒಂದು ಸಲ ಮಾತ್ರ, ಮೂರು ಮೈಲಿ ನಡೆದು ಮುಟ್ಟುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಕಾಲು ಗಂಟೆ ಮೊದಲು ಬಂದಿದ್ದರೆ ಉಳಿಯುತ್ತಿತ್ತು ಎಂದು ಆ ಮನೆಯವರು ಯಾರೂ ಅನ್ನಲಿಲ್ಲ, ಅವಳೇ ಅಂದುಕೊಂಡಳು. ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಗುಡ್ಡೆ ಇಳಿದು ನಮ್ಮ ಮನೆಗೆ ಬಂದವಳೇ ನನ್ನ ಕೈ ಹಿಡಿದಳು.

"ಹೊರಡು ಮಾರಾಯ್ತಿ, ಪೇಟೆಗೆ ಹೋಗುವ. ನನಗೆ ಸೈಕಲ್ ಬೇಕು. ಇನ್ನು ಯಾರ ಮನೆಗೂ ತಡ ಆಗ್ಲಿಕ್ಕಿಲ್ಲ."

"ನಿನಗೆ ಬಿಡ್ಲಿಕ್ಕೆ ಎಲ್ಲಿ ಬರ್ತದೆ ಮಾವ್ಶಿ?"

"ಹೆರಿಗೆ ಮಾಡಿಸ್ಲಿಕ್ಕೆ ನಾನೇನು ಹೆತ್ತು ಕಲಿತದ್ದಾ?"

ಹೊರಟೆವು.

ಹಂಪನಕಟ್ಟೆಯ ಸೈಕಲ್ ಅಂಗಡಿಯವರು ಪಾಪ, ಸಭ್ಯ ಮನುಷ್ಯ. "ಬಾಯಮ್ಮ, ಇದು ನೋಡಿ, ಕಬ್ಬಿಣ ಗಟ್ಟಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ" ಎಂದರು. ಮಾವ್ಶಿ ಚೀಲ ಬಿಚ್ಚಿ ತನ್ನ ಮರದ ಕೊಳವೆ ತೆಗೆದಳು. ಬಸುರಿಯ ಹೊಟ್ಟೆಗೆ ಒಂದು ತುದಿ ಇಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು ಮಗುವಿನ ಎದೆಬಡಿತ ಕೇಳುವ ಕೊಳವೆ! ಅದನ್ನು ಸೈಕಲಿನ ಹಿಂದಿನ ಚಕ್ರದ ನಡುಮಧ್ಯಕ್ಕೆ ಇಟ್ಟು, ಬಗ್ಗಿ, ಕಣ್ಣು ಮುಚ್ಚಿದಳು.

"ಪೆಡಲ್ ತಿರುಗಿಸಿ."

ಅಂಗಡಿಯವರು ತಿರುಗಿಸಿದರು. ನಾನು ನಾಚಿಕೆಯಿಂದ ಗೋಡೆ ನೋಡುತ್ತಾ ನಿಂತೆ.

"ಇದಕ್ಕೆ ಉಬ್ಬಸ ಉಂಟು. ಬೇಡ."

ಎರಡನೆಯದರ ಬಡಿತ ನಡುನಡುವೆ ತಪ್ಪುತ್ತಿತ್ತಂತೆ. ಮೂರನೆಯದಕ್ಕೆ ಕಿವಿ ಕೊಟ್ಟವಳು ಹುಬ್ಬೇರಿಸಿ, "ಇದರೊಳಗೆ ಅವಳಿ ಇದ್ದ ಹಾಗೆ ಕೇಳ್ತದೆ!" ಎಂದಳು. ಅಷ್ಟರಲ್ಲಿ ಬಾಗಿಲ ಹತ್ತಿರ ಜನ ಸೇರಿತ್ತು. ಅಂಗಡಿಯವರಿಗೆ ಬೆವರು.

"ಬಾಯಮ್ಮ, ನೀವು ಸೈಕಲ್ ತೆಗೊಳ್ಳಿಕ್ಕೆ ಬಂದದ್ದಾ, ಹೆರಿಗೆ ಮಾಡಿಸ್ಲಿಕ್ಕೆ ಬಂದದ್ದಾ?"

ಕೊನೆಗೆ ಮೂಲೆಯಲ್ಲಿದ್ದ ಒಂದು ಹಸಿರು ಲೇಡೀಸ್ ಸೈಕಲ್ ಕಣ್ಣಿಗೆ ಬಿತ್ತು. ಸೀರೆ ಸಿಕ್ಕದ ಹಾಗೆ ಚಕ್ರಕ್ಕೆ ಬಲೆ ಬೇರೆ ಕಟ್ಟಿತ್ತು. ಮಾವ್ಶಿ ಅದರ ಹಿಂದಿನ ಚಕ್ರ ಮೇಲೆತ್ತಿ, ಸೀಟಿನ ಬೆನ್ನಿಗೆ ಪಟಾರನೆ ಒಂದೇಟು ಕೊಟ್ಟಳು. ಅಲುಗಿದ ರಭಸಕ್ಕೆ ಬೆಲ್ಲು "ಟ್ರಿಣ್!" ಎಂದಿತು. ಅವಳ ಮುಖ ಅರಳಿತು.

"ಅತ್ತಿತು! ಇದೇ ಇರಲಿ."

ಬ್ರೇಕು, ಚೈನು, ಟಯರು ಯಾವುದನ್ನೂ ನೋಡಲಿಲ್ಲ. ಹೊಡೆದ ಕೂಡಲೇ ಅತ್ತರೆ ಗಟ್ಟಿ ಕೂಸು ಅಂತ ಲೆಕ್ಕವಂತೆ!

ಆದಿತ್ಯವಾರ ಪೂಜೆ ಮುಗಿದ ಮೇಲೆ ಪಾದ್ರಿಗಳು ಸೈಕಲಿಗೆ ತೀರ್ಥ ಚಿಮುಕಿಸಿ ಆಶೀರ್ವದಿಸಿದರು. "ಫಾದರ್, ಬ್ರೇಕಿಗೆ ಇನ್ನು ಸ್ವಲ್ಪ ಹಾಕಿ" ಎಂದಳು ಇವಳು. ಎಷ್ಟು ಹಾಕಿದರೂ ಸಾಲಲಿಲ್ಲ ಎಂದು ಸಂಜೆಯೇ ಗೊತ್ತಾಯಿತು. ನಾನು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದೆ. ಏದುಸಿರು ಬಂದು ಕೈ ಬಿಟ್ಟೆ ನೋಡಿ, ಮಾವ್ಶಿ ಸೈಕಲ್ ಸಮೇತ ನೆರೆಮನೆಯ ಬಂಟರ ಗದ್ದೆಯಲ್ಲಿ! ಮೊನ್ನೆಯಷ್ಟೇ ನೇಜಿ, ಅಂದರೆ ಭತ್ತದ ಸಸಿ, ನಾಟಿ ಆಗಿತ್ತು. ಅವರು ತಲೆ ಮೇಲೆ ಕೈ ಹೊತ್ತು ಓಡಿ ಬಂದರು.

"ಅಯ್ಯೋ ಬಾಯಮ್ಮ, ನನ್ನ ನೇಜಿ ಎಲ್ಲ ಹೋಯ್ತಲ್ಲ!"

ಕೆಸರಿನಿಂದ ತಲೆ ಎತ್ತಿದ ಮಾವ್ಶಿ, "ನಿಮ್ಮ ಆರು ಮಕ್ಕಳನ್ನು ಹೊರಗೆ ತಂದವಳು ನಾನು. ಆರು ಬುಡ ನೇಜಿಗೆ ಅಳ್ತೀರಾ?" ಎಂದಳು.

ಬಾಯಿ ಜೋರೇ. ಒಳಗೆ ಮಾತ್ರ ಹೆದರಿಕೆ ಹಿಡಿದುಬಿಟ್ಟಿತು. ಆ ಮೇಲೆ ಸೈಕಲ್ ಹತ್ತಲಿಲ್ಲ. ಹಾಗಂತ ಬಿಡಲೂ ಇಲ್ಲ! ಕ್ಯಾರಿಯರಿಗೆ ಚೀಲ ಕಟ್ಟಿ, ಬೆಲ್ಲು ಬಾರಿಸುತ್ತಾ, ಎಲ್ಲ ಕಡೆಗೂ ನೂಕಿಕೊಂಡೇ ನಡೆದಳು. ಯಾರಾದರೂ ನಕ್ಕರೆ, "ಬೆಲ್ಲು ಕೇಳಿದರೆ ಜನ ದಾರಿ ಬಿಡ್ತಾರೆ, ನಿಮಗೆಂತ ಕಷ್ಟ?" ಎನ್ನುತ್ತಿದ್ದಳು. ಏರಿನಲ್ಲಿ ಮಾತ್ರ ಬರಿಗೈಯಲ್ಲಿ ನಡೆದದ್ದಕ್ಕಿಂತ ತಡವಾಗುತ್ತಿತ್ತು. ಅದನ್ನು ಅವಳೆದುರು ಹೇಳುವ ಧೈರ್ಯ ಯಾರಿಗಿತ್ತು?

ಅಷ್ಟರಲ್ಲಿ ನನಗೆ ಮದುವೆಯಾಯಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಒಂದು ಮಧ್ಯಾಹ್ನ ಗಂಜಿ ಉಣ್ಣುತ್ತಿದ್ದಾಗ, ಮಾವ್ಶಿ ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ ನೋವು ಬಂತು. ಬಂದದ್ದೇ ಜೋರು. ಅಪ್ಪ ಗುಡ್ಡೆ ಹತ್ತಿ ಓಡಿದರು. ನಾನು ಚಾಪೆಯಲ್ಲಿ ಮಲಗಿ ಕಿವಿ ಕೊಟ್ಟೆ. ಮಾವ್ಶಿಯ ಬೆಲ್ಲಿನ ನಡಿಗೆ ನನಗೆ ಗೊತ್ತಲ್ಲ: ಟ್ರಿಣ್, ನಾಲ್ಕು ಹೆಜ್ಜೆ, ಮತ್ತೆ ಟ್ರಿಣ್. ಗುಡ್ಡೆ ಇಳಿದು ಬರಲು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ನನ್ನಿಂದಾಗದು ಎಂದು ಅಳು ಬಂತು.

ಆಗ ಕೇಳಿತು. ಟ್ರಿಣ್‌ಟ್ರಿಣ್‌ಟ್ರಿಣ್‌ಟ್ರಿಣ್! ನಡುವೆ ಬಿಡುವೇ ಇಲ್ಲ! ಕಿಟಕಿಯಿಂದ ನೋಡಿದ ಅಮ್ಮ, "ಯೇಸುವೇ! ಹತ್ತಿದ್ದಾಳೆ!" ಎಂದು ಕಿರುಚಿದರು. ಎಲ್ಲೋ ಮೇಲಿನಿಂದ "ಬ್ರೇಕ್ ಹಿಡೀ!" ಎಂದು ಅಪ್ಪನ ಕೂಗು. ಅಂಗಳದ ಸೌದೆರಾಶಿಗೆ ಧಡಾರನೆ ಏನೋ ಬಡಿಯಿತು. ಮರುಗಳಿಗೆಗೆ ಮಾವ್ಶಿ ಒಳಗಿದ್ದಳು. ಒಂದು ಚಪ್ಪಲಿ ಇಲ್ಲ, ಮೊಣಕಾಲ ಹತ್ತಿರ ಬಿಳಿ ಸೀರೆಯೆಲ್ಲ ರಕ್ತ. "ಬಿಸಿನೀರು!" ಎಂದಳು, ಅಷ್ಟೆ.

ಮಗಳು ಹುಟ್ಟಿದಳು. ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಸುತ್ತಿತ್ತು. ಮೈ ನೀಲಿ. ಸದ್ದಿಲ್ಲ. ಮಾವ್ಶಿ ಬಳ್ಳಿ ಬಿಡಿಸಿ, ಕೂಸನ್ನು ತಲೆಕೆಳಗಾಗಿ ಎತ್ತಿ, ಬೆನ್ನಿಗೆ ಒಂದೇಟು ಹಾಕಿದಳು. ಇನ್ನೊಂದು ಹಾಕಿದಳು. ಮನೆ ಹಾರುವ ಹಾಗೆ ಅಳು ಕೇಳಿತು.

"ಅತ್ತಿತು," ಎಂದಳು ಮಾವ್ಶಿ. "ಇದೇ ಇರಲಿ."

ನಾನು ನಕ್ಕೆ. ಅವಳು ನಗಲಿಲ್ಲ. ಕೂಸನ್ನು ನನ್ನ ಪಕ್ಕ ಮಲಗಿಸಿ, ಅಲ್ಲೇ ನೆಲಕ್ಕೆ ಕುಸಿದು ಕೂತು, ನನ್ನ ಕೈಯಲ್ಲಿ ಮುಖ ಇಟ್ಟು ಚಿಕ್ಕ ಮಕ್ಕಳ ಹಾಗೆ ಅತ್ತಳು.

"ತಡ ಆಗ್ಲಿಲ್ಲ ಅಲ್ವಾ ಮಗಾ?"

"ಇಲ್ಲ ಮಾವ್ಶಿ," ಎಂದೆ. "ಸರಿಯಾದ ಹೊತ್ತಿಗೆ ಬಂದೆ ನೀನು."