ತಣ್ಣೀರು ಬೆರೆಸಬೇಡಿ

ನನ್ನ ಸೋದರತ್ತೆಯನ್ನು ಮದುವೆಗೆ ಕರೆಯುವವರು ಹತ್ತು ಸಲ ಯೋಚಿಸುವುದು ಒಳ್ಳೆಯದು! ಉಡುಗೊರೆ ತರುತ್ತಾರೆ, ಬಾಯ್ತುಂಬ ಹರಸುತ್ತಾರೆ, ಎಲ್ಲ ಸರಿ. ಆದರೆ ವಧೂವರರ ಮುಖ ನೋಡುವ ಮೊದಲು ಅಡುಗೆಮನೆಗೆ ನುಗ್ಗಿ ನೀರಿನ ಹಂಡೆಯ ಮುಚ್ಚಳ ತೆಗೆಯುತ್ತಾರೆ. ಹಾಲಾಡಿಯ ಮದುವೆಯಲ್ಲಿ ನಾನೇ ಜೊತೆಗಿದ್ದೆ.

"ಭಟ್ರೆ, ಈ ನೀರ್ ಕುದ್ದದ್ದಾ?"

"ಬಿಸಿ ಇತ್ತಲ್ದಾ ಅಮ್ಮ!" ಎಂದರು ಅಡುಗೆ ಭಟ್ಟರು.

"ಬಿಸಿ ಬೇರೆ, ಕುದ್ದದ್ ಬೇರೆ. ತಣ್ಣೀರ್ ಬೆರ್ಸಿದ್ರ್ಯಾ?"

"ಬೆರ್ಸ್ದೆ ಕೊಟ್ರೆ ಜನ್ರ್ ನಾಲ್ಗಿ ಸುಡುದಿಲ್ಯಾ?"

ನೋಡಿ, ನಮ್ಮೂರಿನ ಬುದ್ಧಿವಂತಿಕೆ! ರಾಶಿ ಸೌದೆ ಸುಟ್ಟು ನೀರು ಕುದಿಸುವುದು, ಆಮೇಲೆ ಒಂದು ಕೊಡಪಾನ ಹಸಿ ಬಾವಿನೀರು ಸುರಿದು ಹದ ಮಾಡಿ 'ಬಿಸಿನೀರು' ಎಂದು ಬಡಿಸುವುದು. ಸತ್ತ ರೋಗಾಣುಗಳ ಜಾಗಕ್ಕೆ ಹೊಸಬರನ್ನು ಕರೆತಂದು ಮಣೆ ಹಾಕಿ ಕೂರಿಸಿದ ಹಾಗೆ! ಅತ್ತೆ ಚೆನ್ನಾಗಿ ಉಂಡರು, ನೀರು ಮಾತ್ರ ಮುಟ್ಟಲಿಲ್ಲ. "ಭಟ್ರಿಂದ ಜಾಸ್ತಿ ಮಡಿ ಮಾರಾಯ್ತಿ ಇವ್ರದ್ದ್!" ಎಂದು ನೆಂಟರು ಪಿಸುಗುಟ್ಟಿದರು.

ಮಡಿಯೂ ಇಲ್ಲ, ಮಣ್ಣೂ ಇಲ್ಲ. ಅತ್ತೆ ಮೈಕ್ರೋಬಯಾಲಜಿ ಓದಿದವರು. ಕುಂದಾಪುರದ ಒಂದು ಖಾಸಗಿ ಲ್ಯಾಬಿನಲ್ಲಿ ನೀರಿನೊಳಗಿನ ರೋಗಾಣು ಹುಡುಕುವುದು ಅವರ ಕೆಲಸ. ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಹೊತ್ತು, ಬಸ್ಸಿನಲ್ಲಿ ಊರೂರು ತಿರುಗಿ ಬಾವಿಗಳ ಸ್ಯಾಂಪಲ್ ತರುತ್ತಾರೆ. ಯಡ್ತರೆಯಲ್ಲಿ ಬಸ್ ಹತ್ತಿದರೆ ಸಾಕು, ಹಿಂದಿನ ಸೀಟಿನಿಂದ ಯಾರಾದರೂ ಅದನ್ನು ಮೀನಿನ ಪೆಟ್ಟಿಗೆಯೆಂದು ತಿಳಿದು, "ಹ್ವಾಯ್, ಬಂಗ್ಡಿ ಹ್ಯಾಂಗ್ ಕೊಟ್ರಿ?" ಎಂದು ಕೇಳಿಯೇ ಕೇಳುತ್ತಾರೆ.

"ಬಂಗ್ಡಿ ಅಲ್ಲ, ನಿಮ್ಮೂರ್ ಕಕ್ಕಸಿನ ಕ್ರಿಮಿ. ಬೇಕಾ?"

ಪಕ್ಕದ ಸೀಟು ತಕ್ಷಣ ಖಾಲಿ!

ಕಳೆದ ವರ್ಷ ಶಿರೂರಿನ ಕಡೆ ಒಂದು ಮದುವೆಯೂಟ ಉಂಡವರಿಗೆಲ್ಲ ವಾಂತಿ, ಭೇದಿ ಹಿಡಿಯಿತು. ಪಾಯಸ ಹಳಸಿತ್ತು ಎಂದರು ಕೆಲವರು, ದೃಷ್ಟಿ ತಾಗಿತು ಎಂದರು ಹಲವರು. ಅತ್ತೆ ಪೆಟ್ಟಿಗೆ ಹೊತ್ತು ಹೋಗಿ, ಕುದಿಸಿದ ನೀರಿಗೆ ಬೆರೆಸಿದ ಬಾವಿನೀರನ್ನು ತಂದು ಪರೀಕ್ಷಿಸಿದರು. ಪಕ್ಕದ ಕಕ್ಕಸು ಗುಂಡಿ ಬಾವಿಗೆ ಸೋರುತ್ತಿತ್ತು. ಆ ಬಾವಿಯ ನೀರು ಕುಡಿಯುವುದನ್ನು ನಿಲ್ಲಿಸಿದ ಮೇಲೆ ಊರಿನ ರೋಗವೂ ನಿಂತಿತು.

ಅದೇ ಹೊತ್ತಿಗೆ ಲ್ಯಾಬಿನ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಆ ಕುರ್ಚಿಗೆ ಅತ್ತೆ ವರ್ಷಗಟ್ಟಲೆ ಕಾದವರು. ಸಿಕ್ಕಿದ್ದು ಯಾರಿಗೆ? ಮೊನ್ನೆ ಮೊನ್ನೆ ಸೇರಿದ, ಅತ್ತೆಯೇ ಕೈಹಿಡಿದು ಕೆಲಸ ಕಲಿಸಿದ ಕಿರಿಯ ಮಹಾಶಯನಿಗೆ! ಯಾಕೆಂದು ಕೇಳಿದರೆ ಲ್ಯಾಬಿನ ಯಜಮಾನರು ಬಹಳ ಕರುಣೆಯಿಂದ ಹೇಳಿದರಂತೆ, "ಮುಖ್ಯಸ್ಥ ಅಂದ್ರೆ ಊರೂರ್ ತಿರ್ಗುಕೆ ಇತ್ತ್ ಮೇಡಂ. ಹೆಂಗ್ಸ್ರಿಗೆ ಕಷ್ಟ ಅಲ್ದಾ?"

ಆಗಷ್ಟೇ ಬಸ್ಸಿನಿಂದ ಇಳಿಸಿದ ಪೆಟ್ಟಿಗೆ ಅತ್ತೆಯ ಕೈಯಲ್ಲೇ ತೊಟ್ಟಿಕ್ಕುತ್ತಿತ್ತು! ಆ ಮಹಾಶಯನಿಗೋ, ಬಸ್ ಹತ್ತಿದರೆ ತಲೆ ಸುತ್ತು. ಅವನ ಪಾಲಿನ ಊರುಗಳನ್ನೂ ತಿರುಗುತ್ತಿದ್ದದ್ದು ಅತ್ತೆಯೇ. ಇದಕ್ಕೆ ಏನನ್ನಬೇಕು? ನನ್ನ ಬಾಯಿಗೆ ಬರುವ ಮಾತು ಅಚ್ಚು ಹಾಕುವಂಥದ್ದಲ್ಲ.

ನೆಂಟರಿಗಾದರೂ ಸಿಟ್ಟು ಬಂತೇ? ಎಲ್ಲಿಂದ! "ಹೋಯ್ಲಿ ಬಿಡಿ, ಸಂಬ್ಳ ಬತ್ತಿತ್ತಲ್ದಾ?" "ನಿಮ್ಗೆಂತಕ್ಕೆ ಆ ತಲೆಬಿಸಿ?"

ಅತ್ತೆ ಎದ್ದು ನಿಂತು ಗುಡುಗಿದರು. "ನಾನ್ ಕುದಿತಾ ಇದ್ದೆ. ತಣ್ಣೀರ್ ಬೆರ್ಸ್ಬೇಡಿ!"

ಅಷ್ಟಕ್ಕೇ ಮುಗಿಯಲಿಲ್ಲ. ಬ್ರಹ್ಮಾವರದಲ್ಲಿ ಹೊಸ ಮುಖ್ಯಸ್ಥರಿಗೆ ಸನ್ಮಾನ. ಯಾತಕ್ಕೆ? ಶಿರೂರಿನ ಆ ರೋಗದ ಮೂಲ ಕಂಡುಹಿಡಿದದ್ದಕ್ಕೆ! ಅತ್ತೆಗೂ ಒಂದು ಪಾತ್ರ ಕೊಟ್ಟಿದ್ದರು. ಶಾಲು, ಹಣ್ಣು ಇಟ್ಟ ಹರಿವಾಣ ಹಿಡಿದು ನಿಲ್ಲುವುದು. ನಾನು ಸಭೆಯಲ್ಲಿ ಹಲ್ಲು ಕಡಿಯುತ್ತ ಕೂತಿದ್ದೆ. ಯಜಮಾನರು ಶಾಲು ಹೊದಿಸಿದರು, ಉದ್ದಕ್ಕೆ ಹೊಗಳಿದರು, ಗಂಟಲೊಣಗಿ ಬಿಸಿನೀರಿನ ಲೋಟ ಎತ್ತಿದರು. ಅತ್ತೆ ಮೈಕಿನ ಪಕ್ಕದಲ್ಲೇ ಇದ್ದರು.

"ಹ್ವಾಯ್! ಅದಕ್ಕ್ ತಣ್ಣೀರ್ ಬೆರ್ಸಿದ್ರಾ ಕೇಂಡ್ರ್ಯಾ?"

ಸಭಾಂಗಣವೆಲ್ಲ ಮೊಳಗಿತು. ವೇದಿಕೆಯ ಮೇಲಿನ ಲೋಟಗಳೆಲ್ಲ ಒಟ್ಟಿಗೆ ಕೆಳಗಿಳಿದವು. ಕುಡಿಯಲಿ ಎಂದು ಬಿಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಅತ್ತೆಗೆ ಅದು ಆಗುವ ಮಾತಲ್ಲ.

ಮನೆಗೆ ಬಂದವರು ಸೀರೆ ಕೂಡ ಬದಲಿಸದೆ ಜಗಲಿಯಲ್ಲಿ ಕೂತುಬಿಟ್ಟರು. "ಹೋಯ್ಲಿ ಬಿಡ್" ಎನ್ನಲು ಅಪ್ಪ ಬಾಯಿ ತೆರೆದರು. ನಾನು ಕಣ್ಣು ಕೆಂಪು ಮಾಡಿ ತಡೆದೆ. ಒಳಗೆ ಹೋಗಿ ನೀರಿಟ್ಟೆ. ಗುಳುಗುಳು ಕುದಿಯಿತು. ಇಳಿಸಿ, ಮುಚ್ಚಿ, ಪಕ್ಕದಲ್ಲೇ ಕಾದು ಕೂತೆ. ಲೋಟ ತಂದುಕೊಟ್ಟಾಗ ಅತ್ತೆ ತಲೆಯೆತ್ತಿದರು.

"ತಣ್ಣೀರ್ ಬೆರ್ಸಿದ್ಯಾ ಹೆಣ್ಣೇ?"

"ಇಲ್ಲೆ ಅತ್ತೆ. ತಾನಾಗೇ ತಣಿವರಿಗೆ ಕೂಕಂಡಿದ್ದೆ."

ಬೇರೆಯವರು ಕುದಿಸಿದ ನೀರನ್ನು ಅವರು ಈವರೆಗೆ ನಂಬಿದವರಲ್ಲ. ಅವತ್ತು ಪೂರ್ತಿ ಲೋಟ ಕುಡಿದರು. ಆಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನು ಸಮಾಧಾನ ಹೇಳಲಿಲ್ಲ. ಅವರ ಪಕ್ಕದಲ್ಲಿ ಕೂತೆ.