ಕಿವಿಗೆ ಬಿದ್ದ ಕಾದಂಬರಿ

ಪುಸ್ತಕದ ಹುಚ್ಚು ಹಿಡಿದ ಮನೆಯಲ್ಲಿ ನಗೆಪಾಟಲಾಗಲು ಬೇರೆ ಕಾರಣ ಬೇಕಿಲ್ಲ. ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತದೆ. ಚೆನ್ನೈಗೆ ಬಂದ ಮೇಲಂತೂ ನನಗೆ ಹುಚ್ಚು ಎರಡಾಯಿತು: ಮನೆಯಲ್ಲಿ ಅಚ್ಚಿನ ಪುಸ್ತಕ, ದಾರಿಯಲ್ಲಿ ಆಡಿಯೋ ಪುಸ್ತಕ.

ಮೆಟ್ರೋದಲ್ಲಿ ಅಳು

ಅಣ್ಣಾ ನಗರದಿಂದ ಆಫೀಸಿಗೆ ಮೆಟ್ರೋದಲ್ಲಿ ಹೋಗುವಾಗ ಇಯರ್‌ಫೋನ್ ಸಿಕ್ಕಿಸಿಕೊಂಡು ಕಾದಂಬರಿ ಕೇಳುತ್ತೇನೆ. ಒಂದು ದಿನ ಕಥೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವ ಸನ್ನಿವೇಶ. ಓದುವಾಕೆಯ ದನಿ ನಡುಗಿತು, ನನಗೆ ಕಣ್ಣೀರು ಕಿತ್ತುಕೊಂಡು ಬಂತು. ಪಕ್ಕದಲ್ಲಿದ್ದ ಮಾಮಿ ಗಾಬರಿಯಾಗಿ "ಎನ್ನಮ್ಮಾ ಆಚ್ಚು?" ಎಂದು, ಏನಾಯಿತೆಂದು ಕೇಳಿದರು. ನನ್ನ ಹರಕುಮುರುಕು ತಮಿಳಿನಲ್ಲಿ, ಮಗಳು ಗಂಡನ ಮನೆಗೆ ಹೊರಟಳು ಎಂದೆ. ಪಾಪ, ಕೈ ಹಿಡಿದು ಸಮಾಧಾನ ಮಾಡಿದರು. ಅದು ಕಥೆಯ ಮಗಳು ಎಂದು ಗೊತ್ತಾದಾಗ ಬಯ್ಯುತ್ತಾರೆ ಅಂದುಕೊಂಡೆ. ಅವರು ಇನ್ನಷ್ಟು ಹತ್ತಿರ ಸರಿದು ಕೇಳಿದರು: "ಮಾಪ್ಪಿಳ್ಳೆ ಎಪ್ಪಡಿ? ಕುಡಿಪ್ಪಾರಾ?"

ಅಳಿಯ ಹೇಗೆ, ಕುಡೀತಾನಾ ಅಂತ!

ಕೊನೆಯ ಅಧ್ಯಾಯ ಮೊದಲು

ನಾವು ಮೈಸೂರಿನ ವಠಾರದಲ್ಲಿದ್ದಾಗ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುವ ಹಕ್ಕು ನಮ್ಮಮ್ಮನದು. ಊಟವಾದ ಮೇಲೆ ಹೆಂಗಸರೆಲ್ಲ ಅಕ್ಕಿ ಆರಿಸುತ್ತಾ ಸುತ್ತ ಕೂರುತ್ತಿದ್ದರು. ಕಥೆ ದುಃಖದ್ದಾದರೆ ಅವತ್ತು ರಾತ್ರಿಯ ಅನ್ನದಲ್ಲಿ ಕಲ್ಲು ಖಂಡಿತ.

ಈಗ ಚೆನ್ನೈಯಲ್ಲಿ ನಮ್ಮ ಜೊತೆಗಿರುವ ಆ ಅಮ್ಮನಿಗೇ ಹೋದ ವರ್ಷ ಕಣ್ಣು ಮಂಜಾಯಿತು. ಇನ್ನು ಸಣ್ಣ ಅಕ್ಷರ ಕಾಣುವುದು ಕಷ್ಟ ಎಂದರು ಡಾಕ್ಟರು. ಅರ್ಧ ಓದಿದ ಕಾದಂಬರಿಯನ್ನು ಬೀರುವಿನಲ್ಲಿಟ್ಟು "ನನ್ನ ಓದು ಮುಗೀತು ಕಣೇ" ಎಂದಳು. ಆಮೇಲೆ ಊಟವೂ ಅಷ್ಟಕ್ಕಷ್ಟೇ, ಮಾತೂ ಅಷ್ಟಕ್ಕಷ್ಟೇ. ಏನಾದರಾಗಲಿ, ಅಮ್ಮನಿಗೆ ಅವಳ ಕಥೆ ವಾಪಸ್ ಕೊಡಿಸಲೇಬೇಕೆಂದು ನಾನು ಹಟ ಹಿಡಿದೆ.

ಅದೇ ಕಾದಂಬರಿಯ ಆಡಿಯೋ ಸಿಕ್ಕಿತು. ಪುಸ್ತಕವನ್ನು ಅಮ್ಮನ ತೊಡೆಯ ಮೇಲಿಟ್ಟು, ಫೋನನ್ನು ಎದುರಿಗಿಟ್ಟೆ.

"ಕೊನೇ ಅಧ್ಯಾಯ ಮೊದ್ಲು ಹಾಕು" ಎಂದಳು.

"ಯಾಕಮ್ಮಾ?"

"ಹುಡುಗಿ ಬದುಕ್ತಾಳೆ ಅಂತ ಗೊತ್ತಾದ್ರೆ ನೆಮ್ಮದಿಯಾಗಿ ಕೇಳ್ಬೋದು."

ಹಾಕಿದೆ. ಹುಡುಗಿ ಬದುಕಿದಳು. ಅಮ್ಮ ಕಾಲು ಚಾಚಿ ಕೂತು "ಸರಿ, ಈಗ ಅವಳಿಗೆ ಏನು ಬೇಕಾದ್ರೂ ಆಗ್ಲಿ" ಎಂದಳು.

ಹೂಂ

ಮೂರನೇ ದಿನಕ್ಕೇ ಮುನಿಸು. ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಹೇಳುವವರೂ ನಿಲ್ಲಿಸಬೇಕು. ಅಮ್ಮ ಫೋನಿಗೂ ತಪ್ಪದೆ ಹೂಂಗುಟ್ಟುತ್ತಿದ್ದಳು. ಅವತ್ತು ಮಧ್ಯಾಹ್ನ ತೂಕಡಿಕೆ ಬಂತು. ಎಚ್ಚರವಾಗುವಷ್ಟರಲ್ಲಿ ಕಥೆಯ ಹುಡುಗಿಗೆ ಇಬ್ಬರು ಮಕ್ಕಳಾಗಿಬಿಟ್ಟಿದ್ದರು!

"ನಾನು ಹೂಂ ಅಂದೇ ಇಲ್ಲ, ಅದು ಹೇಗೆ ಮುಂದಕ್ಕೆ ಹೋಯ್ತು? ಕೇಳೋರು ಇದಾರೋ ಇಲ್ವೋ ಅಂತ ನೋಡ್ದೇ ಇರೋ ಕಥೆ ನಂಗೆ ಬೇಡ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಇಷ್ಟು ಮಾಡಿಯೂ ಪುಸ್ತಕ ಮತ್ತೆ ಬೀರು ಸೇರಿತಲ್ಲಾ ಎಂದು ನನಗೆ ಅಳುವೇ ಬಂತು.

ಆಗ ಎದ್ದು ಬಂದವಳು ನನ್ನ ಹದಿಮೂರು ವರ್ಷದ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಓದಲು ಬರದು, ಏನು ಕೇಳಿದರೂ ಉತ್ತರ ತಮಿಳಿನಲ್ಲೇ. "ನಾನ್ ಪಾತ್ತುಕ್ಕಿರೇನ್ ಅಜ್ಜಿ" ಎಂದು, ತಾನು ನೋಡಿಕೊಳ್ಳುವುದಾಗಿ ಹೇಳಿ ಫೋನ್ ಹಿಡಿದು ಕೂತಳು. ಅಜ್ಜಿ ಹೂಂ ಅಂದರೆ ಕಥೆ ಓಡುತ್ತದೆ, ಅನ್ನದಿದ್ದರೆ ಇವಳ ಬೆರಳು ಅದನ್ನು ನಿಲ್ಲಿಸುತ್ತದೆ. ಕಥೆ ಮೊದಲಿಂದ ಶುರುವಾಯಿತು. ಅಮ್ಮ ಮತ್ತೆ ಎರಡು ತುತ್ತು ಹೆಚ್ಚು ಉಣ್ಣತೊಡಗಿದಳು. ಮಗಳೋ, ಸ್ಕೂಲಿಂದ ಬಂದವಳು ಶೂ ಬಿಚ್ಚುವ ಮೊದಲೇ ಅಜ್ಜಿಯ ಪಕ್ಕ ಹಾಜರು.

ಮೊನ್ನೆ ಕಥೆಯ ಹುಡುಗಿ, ಗಂಡ ಬಚ್ಚಿಟ್ಟಿದ್ದ ಕಾಗದವನ್ನು ಕೈಗೆತ್ತಿಕೊಂಡಳು. ಸರಿಯಾಗಿ ಆಗಲೇ ಅಜ್ಜಿಗೆ ಜೊಂಪು. ನಿಯಮದಂತೆ ಕಥೆ ನಿಂತಿತು. ಮಗಳು ಐದು ನಿಮಿಷ ಕಾದಳು, ಉಗುರು ಕಚ್ಚಿದಳು. ಕೊನೆಗೆ ತಡೆಯಲಾರದೆ ಅಜ್ಜಿಯ ಭುಜ ಹಿಡಿದು ಅಲುಗಿಸುತ್ತಾ ಕೂಗಿದಳು, ಅದೂ ಅಚ್ಚ ಕನ್ನಡದಲ್ಲಿ:

"ಅಜ್ಜಿ, ಏಳು! ಹೂಂ ಅನ್ನು! ಪಾಪ, ಅವಳು ಆವಾಗಿಂದ ಕಾಗದ ಹಿಡ್ಕೊಂಡು ನಿಂತೇ ಇದಾಳೆ!"

ನಾನು ಅಡುಗೆಮನೆಯಿಂದ ಓಡಿ ಬಂದೆ. ಅಮ್ಮ ಕಣ್ಣು ಬಿಡದೆಯೇ ಮೀಸೆ ಇಲ್ಲದಿದ್ದರೂ ಮೀಸೆಯಲ್ಲೇ ನಗುತ್ತಿದ್ದಳು.

"ಇವಳ ಬಾಯಲ್ಲಿ ಕನ್ನಡ ಬರ್ಲಿ ಅಂತ ನಾನು ಎಷ್ಟು ಹೊತ್ತು ನಿದ್ದೆ ಮಾಡ್ಬೇಕಾಯ್ತು ನೋಡೇ!"